ಅಂಕಪಟ್ಟಿಯನ್ನು ಓದುವುದು ಹೇಗೆ? ಪೋಷಕರೊಡನೆ ನಾಲ್ಕು ಮಾತು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲಿನ ಸಂಘದ ಸಮಾರಂಭದಲ್ಲಿ ಪರೀಕ್ಷೆಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಅಧ್ಯಕ್ಷರು ನಮ್ಮನ್ನು ಕರೆದಾಗ ನಾವೂ ಅದನ್ನೇ ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಹಾಲಿನ ಬಟವಾಡೆ ದುಡ್ಡು ಎಲ್ಲಿಗೆ ಹೋಗ್ತದೆ ಅಂದ್ಕೊಂಡ್ರಿ? ಅರ್ಧ ಹಿಂಡಿ-ಬೂಸಕ್ಕೆ, ಇನ್ನರ್ಧ ಮಕ್ಕಳ ಫೀಸಿಗೆ." ಮಾತು ನಿಜ. ಅಷ್ಟು ದುಡ್ಡು ಸುರಿದು ಓದಿಸುವ ಮಗುವಿನ ಅಂಕಪಟ್ಟಿ ಕೈಗೆ ಬಂದಾಗ ಅದರಲ್ಲಿ ಏನಿದೆ ಅಂತ ತಿಳಿಯದೆ, "ಪಾಸಾ, ಫೇಲಾ?" ಅಂತ ಒಂದೇ ಮಾತು ಕೇಳಿ ಮಡಚಿ ಪೆಟ್ಟಿಗೆಗೆ ಇಡುವವರೇ ಹೆಚ್ಚು. ಆ ಕಾಗದವನ್ನು ಸರಿಯಾಗಿ ಓದದೆ ಹೋದದ್ದರಿಂದ ಹತ್ತನೇ ತರಗತಿಗೇ ಓದು ಬಿಟ್ಟ ಹೆಣ್ಣುಮಕ್ಕಳನ್ನು ನಾವು ನೋಡಿದ್ದೇವೆ. ಸಾಲ ಮಾಡಿ ಕೋಚಿಂಗಿಗೆ ಕಟ್ಟಿ ಕೈಸುಟ್ಟುಕೊಂಡವರನ್ನೂ ನೋಡಿದ್ದೇವೆ. ಆದ್ದರಿಂದ ಈ ಮಾತು.

ಮೊದಲು ಹಾಲಿನಿಂದಲೇ ಶುರು ಮಾಡೋಣ. ನೀವು ಕ್ಯಾನಿನ ತುಂಬ ಹಾಲು ತಂದರೆ ಕಾರ್ಯದರ್ಶಿ ಎಲ್ಲಾ ಹಾಲನ್ನೂ ಯಂತ್ರಕ್ಕೆ ಸುರಿಯುವುದಿಲ್ಲ. ಚೆನ್ನಾಗಿ ಕಲಕಿ ಒಂದಿಷ್ಟು ಸ್ಯಾಂಪಲ್ ತೆಗೆಯುತ್ತಾರೆ. ಅಷ್ಟರಿಂದಲೇ ಇಡೀ ಕ್ಯಾನಿನ ಫ್ಯಾಟು, ಎಸ್.ಎನ್.ಎಫ್. ತೀರ್ಮಾನ. ಪರೀಕ್ಷೆಯೂ ಇದೇ. ಮಗು ಹತ್ತು ತಿಂಗಳು ಕಲಿತದ್ದನ್ನೆಲ್ಲ ಯಾರೂ ಕೇಳಲಾರರು, ಮೂರು ಗಂಟೆಯಲ್ಲಿ ಮೂವತ್ತು ನಲವತ್ತು ಪ್ರಶ್ನೆ ಕೇಳಿ ಉಳಿದದ್ದನ್ನು ಊಹಿಸುತ್ತಾರೆ. ಕಲಕದೆ ಮೇಲಿನ ಕೆನೆ ತೆಗೆದರೆ ಫ್ಯಾಟು ಜಾಸ್ತಿ ಬರುತ್ತದೆ. ಕರೆಯುವಾಗ ಮೊದಲು ಬಂದ ಹಾಲನ್ನೇ ತೆಗೆದರೆ ಕಡಿಮೆ ಬರುತ್ತದೆ, ಕೊನೆಯ ಹಾಲಿನಲ್ಲೇ ಕೊಬ್ಬು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಹಾಗೆಯೇ ಮಗು ಓದಿದ ಪಾಠದಿಂದಲೇ ಪ್ರಶ್ನೆ ಬಂದರೆ ಅಂಕ ಏರುತ್ತದೆ, ಓದದ ಕಡೆಯಿಂದ ಬಂದರೆ ಇಳಿಯುತ್ತದೆ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಫ್ಯಾಟಿನಲ್ಲಿ ಒಂದೆರಡು ಪಾಯಿಂಟು ವ್ಯತ್ಯಾಸ ಬಂದರೆ ಹಸುವನ್ನು ಬೈಯುವುದಿಲ್ಲ ಅಲ್ಲವೇ? 58 ಬಂದ ಮಗುವಿಗೂ 61 ಬಂದ ಮಗುವಿಗೂ ನಡುವೆ ಅಂಥ ದೊಡ್ಡ ಅಂತರವೇನೂ ಇರುವುದಿಲ್ಲ. ನಾಳೆ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟರೆ ಅದು ತಿರುವುಮುರುವಾದೀತು.

ಇನ್ನು ಎಲ್ಲರ ಹಾಲಿಗೂ ಒಂದೇ ಯಂತ್ರ, ಒಂದೇ ಕ್ರಮ ಇದ್ದರೆ ಮಾತ್ರ ನ್ಯಾಯ. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ವೇಳೆ, ಒಂದೇ ಬಗೆಯ ಮೌಲ್ಯಮಾಪನ ಇಟ್ಟು ನಡೆಸುವ ಪರೀಕ್ಷೆಗೆ ಪ್ರಮಾಣೀಕೃತ ಪರೀಕ್ಷೆ ಅಂತ ಹೆಸರು. ಎಸ್.ಎಸ್.ಎಲ್.ಸಿ., ಸಿ.ಇ.ಟಿ., ನೀಟ್, ನವೋದಯ ಎಲ್ಲ ಈ ಜಾತಿಯವು. ಶಾಲೆಯಲ್ಲಿ ಮೇಷ್ಟ್ರು ಕೊಡುವ ಕಿರುಪರೀಕ್ಷೆ ಬೇರೆ ಜಾತಿ. ಅದು ಆ ತರಗತಿಗೆ ಮಾತ್ರ ಹೊಂದುವ ಅಳತೆ. ನಮ್ಮ ಊರ ಶಾಲೆಯ 80ನ್ನೂ ಪೇಟೆಯ ಕಾನ್ವೆಂಟಿನ 80ನ್ನೂ ಪಕ್ಕಪಕ್ಕ ಇಟ್ಟು ಯಾರು ಜಾಣರು ಅಂತ ತೀರ್ಮಾನ ಮಾಡಲಾಗದು.

ಈಗ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಬರೋಣ. ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100 ಎಂಬುದು ನಾವೆಲ್ಲ ನೋಡಿಕೊಂಡು ಬಂದ ಲೆಕ್ಕ. ಇದರಲ್ಲಿ ಒಂದು ಗುಟ್ಟಿದೆ. 100ರಲ್ಲಿ 80 ಮಾತ್ರ ಬರೆದ ಪರೀಕ್ಷೆಯದು. ಉಳಿದ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪ್ರಥಮ ಭಾಷೆಯಲ್ಲಿ ಅದು 100 ಮತ್ತು 25. ಆಂತರಿಕ ಅಂಕವನ್ನು ಸಾಮಾನ್ಯವಾಗಿ ಎಲ್ಲ ಶಾಲೆಯವರೂ ಕೈಬಿಚ್ಚಿಯೇ ಕೊಡುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಕೆಲಸವಲ್ಲ. ಆದರೆ ಪೋಷಕರು ನೋಡಬೇಕಾದ್ದು ಬರೆದ ಅಂಕ.

ಒಂದು ಲೆಕ್ಕ ಹಾಕಿ ತೋರಿಸುತ್ತೇವೆ. ಒಬ್ಬ ಹುಡುಗಿಗೆ ಕನ್ನಡದಲ್ಲಿ 108, ಇಂಗ್ಲಿಷಿನಲ್ಲಿ 52, ಹಿಂದಿಯಲ್ಲಿ 71, ಗಣಿತದಲ್ಲಿ 47, ವಿಜ್ಞಾನದಲ್ಲಿ 55, ಸಮಾಜದಲ್ಲಿ 73 ಬಂದಿದೆ ಅನ್ನಿ. ಕೂಡಿದರೆ 406. ಶೇಕಡಾ 65ರ ಹತ್ತಿರ. ಫಸ್ಟ್ ಕ್ಲಾಸು! ಮನೆಯಲ್ಲಿ ಹಬ್ಬ. ಮಾರನೇ ದಿನವೇ ಅಪ್ಪ ಪಿ.ಯು. ಸೈನ್ಸ್ ಅಂತ ಪೇಟೆಯ ಕಾಲೇಜಿಗೆ ಹೊರಡುತ್ತಾನೆ. ಒಂದು ಗಳಿಗೆ ನಿಂತು ನೋಡಿ. ಗಣಿತದ 47ರಲ್ಲಿ ಆಂತರಿಕ 19 ಕಳೆದರೆ ಬರೆದದ್ದು 80ಕ್ಕೆ 28. ವಿಜ್ಞಾನದಲ್ಲಿ 80ಕ್ಕೆ 36. ಫಸ್ಟ್ ಕ್ಲಾಸ್ ತಂದುಕೊಟ್ಟದ್ದು ಕನ್ನಡ, ಹಿಂದಿ, ಸಮಾಜ. ಆ ಮಗು ಸೈನ್ಸ್ ತೆಗೆದುಕೊಳ್ಳಬಾರದು ಅಂತ ನಾವು ಹೇಳುವುದಿಲ್ಲ, ಆಸೆ ಇದ್ದರೆ ಖಂಡಿತ ತೆಗೆದುಕೊಳ್ಳಲಿ. ಆದರೆ ಕಾಲೇಜು ಶುರುವಾಗುವ ಮೊದಲಿನ ರಜೆಯಲ್ಲಿ ಎಂಟು ಒಂಬತ್ತನೇ ತರಗತಿಯ ಗಣಿತ ಮತ್ತೆ ತಿದ್ದಿಸಬೇಕು. ಇಲ್ಲದಿದ್ದರೆ ಮೊದಲ ಪಿ.ಯು.ಸಿ.ಯಲ್ಲೇ ಕಾಲು ಜಾರುತ್ತದೆ. ಆಮೇಲೆ "ಹತ್ತರಲ್ಲಿ ಚೆನ್ನಾಗಿದ್ದಳು, ಪೇಟೆಗೆ ಹೋಗಿ ಕೆಟ್ಟಳು" ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಮಗು ಕೆಟ್ಟಿಲ್ಲ ಸ್ವಾಮಿ. ಅಂಕಪಟ್ಟಿ ಮೊದಲೇ ಹೇಳಿತ್ತು, ನಾವು ಒಟ್ಟು ಮೊತ್ತ ಮಾತ್ರ ನೋಡಿದೆವು.

ಇನ್ನೊಂದು ಕೆಟ್ಟ ಅಭ್ಯಾಸ ಅಣ್ಣನ ಅಂಕಕ್ಕೂ ತಂಗಿಯ ಅಂಕಕ್ಕೂ ಹೋಲಿಸುವುದು. ಒಂದೊಂದು ವರ್ಷದ ಪರೀಕ್ಷೆ ಒಂದೊಂದು ರೀತಿ. ಕೊರೋನಾ ಕಾಲದಲ್ಲಿ, 2021ರ ಜುಲೈನಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎರಡೇ ದಿನದಲ್ಲಿ, ಗುರುತು ಹಾಕುವ ಪ್ರಶ್ನೆಗಳಲ್ಲೇ ಮುಗಿಸಿದರು. ಹೆಚ್ಚುಕಡಿಮೆ ಎಲ್ಲರೂ ಪಾಸು. 2023ರಲ್ಲಿ ರಾಜ್ಯದಲ್ಲಿ ಶೇ. 83ಕ್ಕೂ ಮೇಲೆ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ಕೂತಲ್ಲಿಂದ ನೋಡುವ ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಶೇ. 73ರ ಆಸುಪಾಸಿಗೆ ಇಳಿಯಿತು, ಅದೂ ಆ ವರ್ಷ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಮೊದಲನೇ ಪರೀಕ್ಷೆಯ ಫಲಿತಾಂಶ ಶೇ. 70ನ್ನೂ ಮುಟ್ಟಲಿಲ್ಲ. ಮೂರು ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗಿಬಿಟ್ಟರೇ? ಇಲ್ಲ. ಅಳತೆ ಬಿಗಿಯಾಯಿತು. ಹಾಗಾಗಿ 2021ರ ಅಣ್ಣನ 560ನ್ನೂ 2025ರ ತಂಗಿಯ 480ನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತಂಗಿಯನ್ನು ಕೆರೆಯ ಕೆಲಸಕ್ಕೆ ಕಳಿಸಬೇಡಿ. ನಮ್ಮ ಕಣ್ಣಿಗೆ ತಂಗಿಯ 480 ಗಟ್ಟಿ.

ಪಾಸಿನ ಗೆರೆಯೂ ಸರಿಯುತ್ತದೆ. ಬಹಳ ವರ್ಷ 35 ಇತ್ತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಒಟ್ಟಾರೆ ಶೇ. 33, ಅಂದರೆ 625ಕ್ಕೆ 206, ಮತ್ತು ಪ್ರತಿ ವಿಷಯದಲ್ಲಿ ಆಂತರಿಕ ಸೇರಿ ಕನಿಷ್ಠ 30 ಅಂತ ಪ್ರಕಟಿಸಿತು. ಪಾಸಾಗುವುದು ಸುಲಭವಾಯಿತು ಅಂತ ಸಂತೋಷಪಡೋಣ. ಆದರೆ 30 ಬಂದ ಗಣಿತ 30 ಬಂದ ಗಣಿತವೇ.

ಫೇಲಾದವರ ಮನೆಯವರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು. 2024ರಲ್ಲಿ ವರ್ಷಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮೂರು ಅವಕಾಶ ಮಾಡಿದ್ದರು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಪಾಸಾದವರು ಕೂಡ ಅಂಕ ಸಾಲದೆನಿಸಿದರೆ ಬರೆಯಬಹುದು. ಅಂಕ ತೀರಾ ಅನುಮಾನ ಬರುವಂತಿದ್ದರೆ ಉತ್ತರ ಪತ್ರಿಕೆಯ ನೆರಳಚ್ಚು ಪ್ರತಿ ತರಿಸಿ, ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಫೀಸು ಕಟ್ಟಿ ಅರ್ಜಿ ಹಾಕಬಹುದು. ಆದರೆ ಇದಕ್ಕೆಲ್ಲ ಕೆಲವೇ ದಿನ ವಾಯಿದೆ. ಫಲಿತಾಂಶ ಬಂದ ವಾರವೆಲ್ಲ ಅಳುತ್ತಾ ಕೂತರೆ ವಾಯಿದೆ ದಾಟಿಹೋಗುತ್ತದೆ. ಫಲಿತಾಂಶದ ಮಾರನೇ ದಿನ ಮಗುವನ್ನು ಕರೆದುಕೊಂಡು ಶಾಲೆಗೆ ಬನ್ನಿ. ಬೈಯುವುದಿದ್ದರೆ ಆಮೇಲೆ ನಮ್ಮನ್ನೇ ಬೈಯಿರಿ. ಹುಡುಗ ಫೇಲಾದರೆ ಮತ್ತೆ ಕಟ್ಟಿಸುತ್ತೀರಿ, ಹುಡುಗಿ ಫೇಲಾದರೆ ಗಂಡು ನೋಡುತ್ತೀರಿ. ಇದು ನಮ್ಮೂರಿಗೆ ಮಾತ್ರ ಅಂತಲ್ಲ, ಆದರೆ ನಮ್ಮೂರಿನಲ್ಲೂ ಇದೆ ಅಂತ ಈ ವೇದಿಕೆಯಲ್ಲೇ ಹೇಳಿಬಿಡುತ್ತೇವೆ.

ಇನ್ನು ಪಿ.ಯು.ಸಿ. ಆದಮೇಲಿನ ಪರೀಕ್ಷೆಗಳು. ಇಲ್ಲಿ ಒಂದು ಪದ ಬಹಳ ಜನರಿಗೆ ಮೋಸ ಮಾಡಿದೆ. ಪರ್ಸೆಂಟೇಜ್ ಬೇರೆ, ಪರ್ಸೆಂಟೈಲ್ ಬೇರೆ. ಪರ್ಸೆಂಟೇಜ್ ಅಂದರೆ ನೂರಕ್ಕೆ ಎಷ್ಟು ಅಂಕ. ಪರ್ಸೆಂಟೈಲ್ ಅಂದರೆ ನೂರು ಜನರಲ್ಲಿ ಎಷ್ಟು ಜನ ನಿಮ್ಮ ಸಮ ಅಥವಾ ನಿಮಗಿಂತ ಹಿಂದೆ ಅಂತ. ಡೇರಿಯ ಮುಂದೆ ನೂರು ಜನ ಹಾಲು ತಂದು ನಿಂತಿದ್ದೀರಿ ಅನ್ನಿ. ಫ್ಯಾಟು ಕಡಿಮೆ ಇದ್ದವರಿಂದ ಜಾಸ್ತಿ ಇದ್ದವರ ತನಕ ಸಾಲಾಗಿ ನಿಲ್ಲಿಸಿದರೆ ನೀವು ತೊಂಬತ್ತನೆಯವರು. ನಿಮ್ಮದು 90 ಪರ್ಸೆಂಟೈಲ್. ನಿಮ್ಮ ಹಾಲಿನ ಫ್ಯಾಟು ನಾಲ್ಕೇ ಇರಬಹುದು. 90 ಎಂಬುದು ಸಾಲಿನಲ್ಲಿ ನಿಮ್ಮ ಜಾಗ, ಫ್ಯಾಟಿನ ಅಳತೆಯಲ್ಲ.

ಇಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆ ಈ ಪರ್ಸೆಂಟೈಲನ್ನೇ ಕೊಡುತ್ತದೆ. ಅನೇಕ ದಿನ, ಬೇರೆ ಬೇರೆ ಪಾಳಿಯಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆ ಇರುವುದರಿಂದ, ಒಂದು ಪಾಳಿಗೆ ಕಷ್ಟದ ಪತ್ರಿಕೆ ಬಂದರೆ ಅನ್ಯಾಯವಾಗಬಾರದು ಅಂತ ಆ ಪಾಳಿಯವರೊಳಗೇ ಸಾಲು ನಿಲ್ಲಿಸುತ್ತಾರೆ. ಕ್ರಮ ಒಳ್ಳೆಯದೇ. ಆದರೆ "ನಮ್ಮ ಹುಡುಗಂಗೆ ತೊಂಬತ್ತು ಬಂದದೆ" ಅಂತ ಸಿಹಿ ಹಂಚುವ ಮೊದಲು ಒಂದು ಲೆಕ್ಕ ನೋಡಿ. ಹತ್ತು ಲಕ್ಷ ಮಕ್ಕಳು ಬರೆದರೆ 90 ಪರ್ಸೆಂಟೈಲಿನವನ ಮುಂದೆ ಒಂದು ಲಕ್ಷ ಜನ ನಿಂತಿದ್ದಾರೆ. 99 ಬಂದರೂ ಮುಂದೆ ಹತ್ತು ಸಾವಿರ. ಈಚಿನ ವರ್ಷಗಳಲ್ಲಿ ಬರೆಯುವವರು ಹತ್ತು ಲಕ್ಷಕ್ಕೂ ಮೀರಿದ್ದಾರೆ.

ನೀಟ್‌ನಲ್ಲಿ ಇದು ಇನ್ನೂ ಅಪಾಯ. 180 ಪ್ರಶ್ನೆ, 720 ಅಂಕ, ಸರಿಯಾದರೆ 4, ತಪ್ಪಾದರೆ 1 ಕಡಿತ. ಅರ್ಹತೆಗೆ ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಪರಿಶಿಷ್ಟರಿಗೂ ಹಿಂದುಳಿದವರಿಗೂ 40ನೇ ಪರ್ಸೆಂಟೈಲ್ ಸಾಕು. ಇದು 720ರಲ್ಲಿ ಅರ್ಧ ಅಂಕ ಅಲ್ಲ, ಅದಕ್ಕಿಂತ ಬಹಳ ಕೆಳಗೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು, 13 ಲಕ್ಷಕ್ಕೂ ಹೆಚ್ಚು ಮಂದಿಗೆ ಅರ್ಹತೆ ಬಂತು. ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟು ಆಗ ಒಂದು ಲಕ್ಷದ ಮೇಲೆ ಸ್ವಲ್ಪ. ಉಳಿದ ಹನ್ನೆರಡು ಲಕ್ಷ ಮನೆಗೆ ಏನಾಗುತ್ತದೆ? ಫೋನು ಬರುತ್ತದೆ. "ನಿಮ್ಮ ಮಗಳು ಕ್ವಾಲಿಫೈ ಆಗಿದ್ದಾಳೆ, ಸೀಟು ಕೊಡಿಸ್ತೀವಿ, ಇಷ್ಟು ಲಕ್ಷ ಅಡ್ವಾನ್ಸ್ ಹಾಕಿ" ಅಂತ ನಯವಾಗಿ ಮಾತಾಡುತ್ತಾರೆ. ಅರ್ಹತೆ ಅಂದರೆ ಸಾಲಿನಲ್ಲಿ ನಿಲ್ಲಲು ಅಪ್ಪಣೆ, ಅಷ್ಟೇ. ಸೀಟು ಸಿಗುವುದು ರ‍್ಯಾಂಕಿನ ಮೇಲೆ, ಸರ್ಕಾರದ ಕೌನ್ಸೆಲಿಂಗಿನಲ್ಲಿ. ಕೌನ್ಸೆಲಿಂಗಿನ ಹೊರಗೆ ಯಾರೇ ದುಡ್ಡು ಕೇಳಲಿ, ಎರಡು ಎಕರೆ ಗದ್ದೆಯ ಪತ್ರಕ್ಕೆ ಕೈ ಹಾಕುವ ಮೊದಲು ನಾಲ್ಕು ಜನರನ್ನು ಕೇಳಿ.

ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಕಡಿತವಿಲ್ಲ. ಹಾಗಾಗಿ ಗೊತ್ತಿಲ್ಲದ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಅಂತ ಮಕ್ಕಳಿಗೆ ಹೇಳಿ. ನೀಟ್‌ಗೆ ಈ ಬುದ್ಧಿ ನಡೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ.ಯಿಂದ ಅರ್ಧ, ಪಿ.ಯು.ಸಿ. ಅಂಕದಿಂದ ಅರ್ಧ ತೂಕ. "ಸಿ.ಇ.ಟಿ. ಬರೆದ್ರೆ ಸಾಕು, ಪಿ.ಯು. ಹೇಗಿದ್ರೂ ಆಯ್ತು" ಅನ್ನುವ ಕೋಚಿಂಗಿನವರ ಮಾತು ನಂಬಬೇಡಿ. ಇನ್ನೊಂದು ಮಾತು ಹಳ್ಳಿಯವರಿಗೇ ಸೇರಿದ್ದು. ಒಂದರಿಂದ ಹತ್ತರ ತನಕ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ ಇದೆ. ಮೊದಲನೆಯದು ಶೇ. 15, ಎರಡನೆಯದು ಶೇ. 5. ರ‍್ಯಾಂಕ್ ಸ್ವಲ್ಪ ಹಿಂದಿದ್ದರೂ ಇದರಿಂದ ಸೀಟು ಹತ್ತಿರವಾಗುತ್ತದೆ. ಆದರೆ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೊಡನೆ. ನಡುವೆ ಒಂದೆರಡು ವರ್ಷ ಮಗುವನ್ನು ಪೇಟೆಯ ಶಾಲೆಗೆ ಹಾಕಿ ವಾಪಸ್ಸು ತಂದವರು ಇದನ್ನು ಕಳೆದುಕೊಳ್ಳುತ್ತಾರೆ.

ಬಸ್ ನಿಲ್ದಾಣದ ಫ್ಲೆಕ್ಸುಗಳ ಬಗ್ಗೆ ಒಂದೇ ಮಾತು. 625ಕ್ಕೆ 620 ಬಂದ ನಾಲ್ಕು ಮಕ್ಕಳ ಫೋಟೋ ಹಾಕಿದ ಸಂಸ್ಥೆಯವರನ್ನು "ಒಟ್ಟು ಎಷ್ಟು ಜನ ಬರೆದರು, ನಡುವಿನವನಿಗೆ ಎಷ್ಟು ಬಂತು?" ಅಂತ ಕೇಳಿ ನೋಡಿ. ಒಂದು ಕ್ಯಾನು ಒಳ್ಳೆ ಹಾಲಿನಿಂದ ಟ್ಯಾಂಕರಿನ ಹಾಲನ್ನು ಅಳೆಯುವುದುಂಟೇ?

ದುಡ್ಡು ಕಟ್ಟುವ ಪರೀಕ್ಷೆಗಳ ಮಾತು ಸಾಕು. ದುಡ್ಡು ಕೊಡುವ ಪರೀಕ್ಷೆಯೊಂದಿದೆ, ಅದನ್ನೇ ನಮ್ಮ ಜನ ಬಿಟ್ಟುಬಿಡುತ್ತಾರೆ. ಎನ್.ಎಂ.ಎಂ.ಎಸ್. ಅಂತ, ಎಂಟನೇ ತರಗತಿಯ ಮಕ್ಕಳಿಗೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಯವರಿಗೂ ನವೋದಯ, ಕೇಂದ್ರೀಯ ವಿದ್ಯಾಲಯದವರಿಗೂ ಇಲ್ಲ. ತಂದೆತಾಯಿಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು, ಏಳನೇ ತರಗತಿಯಲ್ಲಿ ಶೇ. 55 ಇರಬೇಕು, ಪರಿಶಿಷ್ಟರಿಗೆ ಶೇ. 50. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿ.ಯು. ತನಕ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹಾಲಿನ ಬಟವಾಡೆ ಬಂದಹಾಗೆ ತಿಂಗಳಿಗೆ ಸಾವಿರ, ಹುಲ್ಲು ಹಾಕದೆ ಬರುವ ಸಾವಿರ. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಕೊಡುತ್ತಾರೆ, ರಾಜ್ಯಕ್ಕೆ ಇಷ್ಟು ಅಂತ ಪಾಲು ಇದೆ.

ಪರೀಕ್ಷೆ ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಒಂದು ಪಾಠದ್ದು, ಒಂದು ಬುದ್ಧಿಶಕ್ತಿಯದು. ಈ ಎರಡನೆಯದೇ ನಮ್ಮ ಮಕ್ಕಳಿಗೆ ಹೊಸತು. 3, 6, 12, 24 ಆದಮೇಲೆ ಯಾವುದು? ಕನ್ನಡಿಯಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ? ಈ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು? "ಇವು ಪುಸ್ತಕದಲ್ಲೇ ಇಲ್ವಲ್ಲ ಸಾರ್" ಅಂತ ಮಕ್ಕಳು ಗಾಬರಿಯಾಗುತ್ತಾರೆ. ನಿಜವಾಗಿ ಒಗಟು ಬಿಡಿಸುವ, ಚೌಕಾಬಾರ ಆಡುವ ಮಕ್ಕಳಿಗೆ ಇದು ಕಷ್ಟವಲ್ಲ, ರೂಢಿ ಬೇಕು. 90 ನಿಮಿಷಕ್ಕೆ 90 ಪ್ರಶ್ನೆ ಅಂದರೆ ಒಂದಕ್ಕೆ ಒಂದು ನಿಮಿಷ. ಒಂದರಲ್ಲೇ ಕೂತರೆ ಗಾಡಿ ತಪ್ಪಿತು. ಜತೆಗೆ ಓ.ಎಂ.ಆರ್. ಹಾಳೆಯಲ್ಲಿ ಸೊನ್ನೆ ತುಂಬುವುದು. ಉತ್ತರ ಗೊತ್ತಿದ್ದೂ ಒಂದು ಸಾಲು ಕೆಳಗೆ ತುಂಬಿ ಬಂದ ಮಕ್ಕಳಿದ್ದಾರೆ. ಹಳೇ ಪ್ರಶ್ನೆಪತ್ರಿಕೆ ಹತ್ತು ಸಲ ಬರೆಸಿದರೆ ಈ ತಪ್ಪು ಹೋಗುತ್ತದೆ.

ಇಲ್ಲೂ ಅರ್ಹತೆ ಬೇರೆ, ಆಯ್ಕೆ ಬೇರೆ. ಅರ್ಹತೆಗೆ ಎರಡೂ ಪತ್ರಿಕೆ ಸೇರಿ ಶೇ. 40, ಪರಿಶಿಷ್ಟರಿಗೆ ಶೇ. 32. ಆಯ್ಕೆ ಅದರ ಮೇಲೆ, ಅಂಕದ ಸಾಲಿನಲ್ಲಿ. ಆಯ್ಕೆಯಾದ ಮೇಲೂ ಮುಗಿಯಲಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಪ್ರತಿ ವರ್ಷ ನವೀಕರಿಸಬೇಕು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಹತ್ತನೇ ತರಗತಿಯಲ್ಲಿ ಶೇ. 60 ತೆಗೆಯಬೇಕು, ಪರಿಶಿಷ್ಟರಾದರೆ 55. ಗೆದ್ದ ದುಡ್ಡನ್ನು ನವೀಕರಣ ಮರೆತು ಕಳೆದುಕೊಂಡ ಮನೆಗಳು ಪಕ್ಕದ ಊರಲ್ಲೇ ಇವೆ.

ನವೋದಯದ್ದು ಐದನೇ ತರಗತಿಯಲ್ಲಿ ಓದುವವರಿಗೆ, ಒಂದೇ ಸಲ ಬರೆಯಲು ಅವಕಾಶ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಮೇಲೆ ಹೇಳಿದ ಬುದ್ಧಿಶಕ್ತಿಯದ್ದೇ, ಲೆಕ್ಕಕ್ಕೆ 25, ಭಾಷೆಗೆ 25. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ. ಅರ್ಜಿಗೆ ಫೀಸಿಲ್ಲ. ಆಯ್ಕೆಯಾಗದಿದ್ದರೆ ಹತ್ತು ವರ್ಷದ ಕೂಸಿಗೆ "ನೀನು ದಡ್ಡ" ಅಂತ ಹಣೆಪಟ್ಟಿ ಕಟ್ಟಬೇಡಿ. ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು. ಎಷ್ಟು ಜಾಣ ಮಕ್ಕಳು ಹೊರಗೆ ಉಳಿದಾರು, ನೀವೇ ಎಣಿಸಿ.

ಆಗಾಗ ದಿಲ್ಲಿಯಿಂದ ಬರುವ ಸರ್ವೆ ಪರೀಕ್ಷೆಯೊಂದಿದೆ. 2021ರ ನವೆಂಬರ್ 12ರಂದು ನ್ಯಾಸ್ ಅಂತ, 2024ರ ಡಿಸೆಂಬರ್ 4ರಂದು ಪರಖ್ ಅಂತ ನಡೆಯಿತು. ಅದರಲ್ಲಿ ಮಗುವಿಗೆ ಅಂಕ ಬರುವುದಿಲ್ಲ, ಪಾಸು ಫೇಲು ಇಲ್ಲ. ಜಿಲ್ಲೆಯ, ರಾಜ್ಯದ ಕಲಿಕೆ ಹೇಗಿದೆ ಅಂತ ನೋಡುವುದು. ಆ ದಿನ ಮಗುವನ್ನು ಹೆದರಿಸಿ ಕಳಿಸುವುದೂ ಬೇಡ, ಕಳೆ ಕೀಳಲು ಉಳಿಸಿಕೊಳ್ಳುವುದೂ ಬೇಡ.

ಕಡೆಯದಾಗಿ ಒಂದು ಕೆಲಸದ ಮಾತು. ಇನ್ನು ಮುಂದೆ ಎನ್.ಎಂ.ಎಂ.ಎಸ್. ಮತ್ತು ನವೋದಯದ ಅರ್ಜಿಯ ಕೊನೆ ದಿನಾಂಕ ಗೊತ್ತಾದ ಕೂಡಲೇ ಡೇರಿಯ ಬೋರ್ಡಿನಲ್ಲಿ, ಹಾಲಿನ ದರದ ಪಕ್ಕದಲ್ಲೇ, ಬರೆದು ಹಾಕಿಸುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಹಾಲು ಹಾಕಲು ಬಂದಾಗ ದಿನಕ್ಕೆ ಎರಡು ಸಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಓದಲು ಬಾರದ ತಾಯಂದಿರು ಚೀಟಿ ಬರೆಸಿಕೊಳ್ಳುವಾಗ ಕೇಳಿಕೊಳ್ಳಲಿ. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟಿರಿ, ಕೊನೆ ದಿನ ಸರ್ವರ್ ಇರುವುದಿಲ್ಲ. ಅಂಕಪಟ್ಟಿ ತಿಳಿಯದಿದ್ದರೆ ಭಾನುವಾರ ಬೆಳಗಿನ ಹಾಲಾದ ಮೇಲೆ ಇದೇ ಜಗಲಿಯಲ್ಲಿ ನಾವು ಕೂತಿರುತ್ತೇವೆ, ತನ್ನಿ, ಕೂಡಿ ಓದೋಣ.

ಇಷ್ಟು ಹೊತ್ತು ಕೂತು ಕೇಳಿದ್ದೀರಿ, ಸಂಜೆಯ ಹಾಲಿಗೆ ಹೊತ್ತಾಯಿತು.